ಪೇಪರಿಗೆ ಬಾರದವನು

ದೀಪಾವಳಿ ಮುಗಿದ ಶನಿವಾರ ಬೆಟ್ಟಸ್ವಾಮಿ ಕೊಬ್ಬರಿ ಲಾರಿ ಹತ್ತಿ ದಿಲ್ಲಿಗೆ ಹೊರಟ. ತಿಪಟೂರಿನಲ್ಲಿ ಅವನೂ ಅವನ ಅಣ್ಣ ಮರುಳಸಿದ್ದಯ್ಯನೂ ಸೇರಿ ಮನೆಯ ಮುಂಭಾಗದಲ್ಲೇ ಒಂದು ಕೊಬ್ಬರಿ ಮಂಡಿ ನಡೆಸುತ್ತಿದ್ದರು. ಉತ್ತರದ ಕಡೆ ಮದುವೆ ಕಾಲ ಶುರುವಾಗುವ ಮುಂಚೆ ಮನೆಯವರೇ ಒಬ್ಬರು ಸರಕಿನ ಜೊತೆ ಹೋಗಿ ಅಲ್ಲಿನ ವ್ಯಾಪಾರಿಗಳನ್ನು ಮಾತಾಡಿಸಿಕೊಂಡು ಬರುವುದು ರೂಢಿ. ೧೯೮೪ರಲ್ಲಿ ಆ ಸರದಿ ಬೆಟ್ಟಸ್ವಾಮಿಗೆ ಬಂತು.

ಲಾರಿ ಬೆಂಗಳೂರಿನ ಒಂದು ಟ್ರಾನ್ಸ್‌ಪೋರ್ಟಿನದು, ಓಡಿಸುತ್ತಿದ್ದವನು ಗುರ್ಮೇಜ್ ಸಿಂಗ್ ಎಂಬ ಸರ್ದಾರ. ತಿಪಟೂರಿಗೆ ಬಂದು ಹೋಗಿ ಅವನಿಗೆ ಊರೆಲ್ಲ ಪರಿಚಯ. ಲೋಡು ಆಗುವ ತನಕ ಮಂಡಿಯ ಜಗಲಿ ಮೇಲೆ ಪೇಟ ಬಿಚ್ಚಿ ಕೂದಲು ಒಣಗಿಸಿಕೊಳ್ಳುತ್ತ ಕೂತಿರುತ್ತಿದ್ದ. ಬೆಟ್ಟಸ್ವಾಮಿಯ ಹೆಂಡತಿ ಮೀನಾಕ್ಷಮ್ಮ ಮಜ್ಜಿಗೆ ಕೊಟ್ಟರೆ, "ಉಪ್ಪು ಜಾಸ್ತಿ ಬೇಕು, ಭಾಭಿ" ಎಂದು ಹರಕು ಮುರಕು ಕನ್ನಡದಲ್ಲಿ ಕೇಳುತ್ತಿದ್ದ. ಅವನ ಕ್ಲೀನರು ಆಂಜನಪ್ಪ, ಮಾಯಸಂದ್ರದ ಹತ್ತಿರದವನು. ಹೊರಡುವಾಗ ಹಗ್ಗ ಬಿಗಿದು, ಲಾರಿಯ ಹಿಂದೆ ಓಡಿ ಬಂದು ಹತ್ತಿ, "ಬತ್ತೀವಿ ಅಮ್ಮಾರೇ" ಎಂದು ಕೂಗಿದ್ದ.

ಬುಧವಾರ ಕೊಬ್ಬರಿ ಹರಾಜಿನ ದಿನ. ಮಧ್ಯಾಹ್ನದ ಹೊತ್ತಿಗೆ ಪೇಟೆಯಲ್ಲಿ ಗುಸುಗುಸು ಎದ್ದಿತು. ಪ್ರಧಾನಮಂತ್ರಿಗೆ ಗುಂಡು ಹೊಡೆದಿದ್ದಾರಂತೆ. ಯಾರೋ ಬಿಬಿಸಿ ಕೇಳಿದ್ದರಂತೆ. ಕೂಗುತ್ತಿದ್ದವರು ಕೂಗು ನಿಲ್ಲಿಸಿದರು. ಸಂಜೆ ರೇಡಿಯೋ ಹೇಳಿದ ಮೇಲೆ ಅಂಗಡಿಗಳ ಬಾಗಿಲು ಒಂದೊಂದಾಗಿ ಬಿದ್ದವು. ಮೀನಾಕ್ಷಮ್ಮನೂ ಎಲ್ಲರ ಹಾಗೆ ಅತ್ತಳು. ಇಂದಿರಮ್ಮ ಚಿಕ್ಕಮಗಳೂರಿನಿಂದ ನಿಂತಿದ್ದಾಗ ಈ ಕಡೆ ಬಂದದ್ದನ್ನು ಅವಳು ತೌರೂರು ಕೆಂಕೆರೆಯಿಂದ ಬಂದು, ದೂರದಲ್ಲಿ ನಿಂತು ನೋಡಿದ್ದಳು. ಆ ದಿನದ ಅಳು ಊರಿನದ್ದು, ಅವಳೊಬ್ಬಳದಲ್ಲ.

ಮಾರನೆಯ ಬೆಳಿಗ್ಗೆ, ಕೊಂದವರು ಸಿಖ್ಖರು ಎಂದು ಗೊತ್ತಾಯಿತು. ಅದರ ಮಾರನೆಯ ದಿನ ಮರುಳಸಿದ್ದಯ್ಯ ಮಂಡಿಯಲ್ಲಿ ಪೇಪರು ಓದುತ್ತ ಓದುತ್ತ ದನಿ ತಗ್ಗಿಸಿದ್ದು ಒಳಗಿದ್ದ ಅವಳಿಗೆ ಕೇಳಿತು. ದಿಲ್ಲಿಯಲ್ಲಿ ಬೆಂಕಿ. ಮನೆ, ಅಂಗಡಿ, ಟ್ಯಾಕ್ಸಿ, ಲಾರಿ.

ಅವಳು ನಡುಮನೆಯಿಂದ ಹೊರಗೆ ಬಂದು ನಿಂತಳು. ವ್ಯಾಪಾರದ ಹೊತ್ತಿನಲ್ಲಿ ಮಂಡಿಯ ಕಡೆಗೆ ಹೆಂಗಸರು ಬರುವ ವಾಡಿಕೆ ಇರಲಿಲ್ಲ.

"ಭಾವ, ಲಾರಿ ಅಂದ್ರಲ್ಲ."

"ನಮ್ಮ ಲಾರಿ ಇನ್ನೂ ಅಲ್ಲಿಗೆ ಮುಟ್ಟಿರಲ್ಲ ಕಣಮ್ಮ. ದಾರೀಲಿ ಎಲ್ಲಾದ್ರೂ ನಿಲ್ಲಿಸಿಕೊಂಡಿರ್ತಾರೆ" ಎಂದ ಮರುಳಸಿದ್ದಯ್ಯ. ಆದರೆ ಪೇಪರನ್ನು ಮಡಿಸಿ ಇಟ್ಟವನು ಮತ್ತೆ ಬಿಚ್ಚಿದ, ಮತ್ತೆ ಮಡಿಸಿದ.

ಅಂದಿನಿಂದ ಮೀನಾಕ್ಷಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅನ್ನಕ್ಕೆ ಎಸರಿಟ್ಟು ಬಾಗಿಲಿಗೆ ಬರುತ್ತಿದ್ದಳು, ಬಾಗಿಲಿಂದ ಅಟ್ಟ ಹತ್ತುತ್ತಿದ್ದಳು, ಅಟ್ಟದ ಕಿಂಡಿಯಿಂದ ರಸ್ತೆ ನೋಡಿ ಇಳಿಯುವಷ್ಟರಲ್ಲಿ ಎಸರು ಉಕ್ಕಿರುತ್ತಿತ್ತು. ರೇಡಿಯೋ ಹಾಕಿದರೆ ಸಿನಿಮಾ ಹಾಡಿಲ್ಲ, ಕೃಷಿರಂಗವಿಲ್ಲ. ಶೋಕದ ವಾದ್ಯ. ನಡುನಡುವೆ ವಾರ್ತೆ. ಯಾವ ದೇಶದ ಅಧ್ಯಕ್ಷರು ಬಂದರು, ಯಾವ ರಾಜರು ಬಂದರು, ಚಿತೆಗೆ ಯಾರು ಬೆಂಕಿ ಇಟ್ಟರು, ಬೂದಿಯನ್ನು ಯಾವ ಬೆಟ್ಟದ ಮೇಲೆ ಚೆಲ್ಲುತ್ತಾರೆ. ಪೇಪರು ಬಿಚ್ಚಿದರೆ ಪುಟಪುಟವೂ ದಿಲ್ಲಿ. ತಿಪಟೂರಿನ ಕೊಬ್ಬರಿ ಧಾರಣೆ ಹಾಕುವ ಜಾಗದಲ್ಲೂ ದಿಲ್ಲಿ. ಇಡೀ ದೇಶ ಒಂದೇ ಊರಿನ ಮಾತಾಡುತ್ತಿತ್ತು. ಆ ಊರಿಗೆ ಹೊರಟ ಒಂದು ಲಾರಿಯ ಮಾತು ಮಾತ್ರ ಯಾರ ಬಾಯಲ್ಲೂ ಇರಲಿಲ್ಲ.

ಮರುಳಸಿದ್ದಯ್ಯ ಸುಮ್ಮನೆ ಕೂರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗಿ ದಿಲ್ಲಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಚಿನ ಮೇಲೆ ಕಾದ. ಲೈನೇ ಸಿಗಲಿಲ್ಲ. ಮಾರನೆಯ ದಿನ ಸಿಕ್ಕಿತು, ಆ ಕಡೆಯ ವ್ಯಾಪಾರಿ, "ಲಾರಿ ಬಂದಿಲ್ಲ, ನಾವೂ ಹೊರಗೆ ಹೋಗೋ ಹಾಗಿಲ್ಲ, ಕರ್ಫ್ಯೂ" ಎಂದಷ್ಟೇ ಹೇಳಿದ.

ಆ ವಾರದ ಕೊನೆಗೆ ಕಾಡಸಿದ್ದಪ್ಪ ಬಂದ. ಅವನು ಪೇಟೆಯಲ್ಲಿ ಪುಸ್ತಕ, ಪೆನ್ನು ಮಾರುವ ಅಂಗಡಿ ಇಟ್ಟುಕೊಂಡು, ಬೆಂಗಳೂರಿನ ಒಂದು ಪತ್ರಿಕೆಗೆ ತಿಪಟೂರಿನ ಸುದ್ದಿ ಕಳಿಸುತ್ತಿದ್ದ. ಬರೆದದ್ದನ್ನು ಕವರಿಗೆ ಹಾಕಿ ಬೆಂಗಳೂರು ಬಸ್ಸಿನ ಡ್ರೈವರ್ ಕೈಗೆ ಕೊಡುವುದು ಅವನ ದಿನಚರಿ. ಅವನ ಸುದ್ದಿ ಹೆಚ್ಚಾಗಿ ಸಂಘಗಳ ವಾರ್ಷಿಕೋತ್ಸವ, ಬಾವಿಗೆ ಬಿದ್ದ ಎಮ್ಮೆ.

"ಅಣ್ಣ, ನಿಮ್ಮ ತಮ್ಮ ದಿಲ್ಲೀಲಿ ಸಿಕ್ಕಾಕಂಡಿದ್ದಾರೆ ಅಂತ ಗೊತ್ತಾಯ್ತು. ಒಂದು ಫೋಟೋ ಕೊಡಿ. ಈಗ ಕಳಿಸಿದ್ರೆ ಗ್ಯಾರಂಟಿ ಹಾಕ್ತಾರೆ" ಎಂದ.

ಅವನು ಹೇಳಿದ ಹಾಗೇ ಆಯಿತು. 'ದಿಲ್ಲಿ ಗಲಭೆ: ತಿಪಟೂರು ವರ್ತಕನ ಸುಳಿವಿಲ್ಲ' ಎಂದು ದಪ್ಪ ಅಕ್ಷರದಲ್ಲಿ, ಬೆಟ್ಟಸ್ವಾಮಿಯ ಮದುವೆ ಫೋಟೋದಿಂದ ಮುಖ ಮಾತ್ರ ಕತ್ತರಿಸಿ ಹಾಕಿದ್ದರು. ಅಂದು ಮನೆ ತುಂಬ ಜನ. ನೆಂಟರು, ಬೇರೆ ಮಂಡಿಯವರು, ತುರುವೇಕೆರೆ, ಹುಳಿಯಾರು ಕಡೆಯ ಬೆಳೆಗಾರರು. ಹೆಂಗಸರು ಮೀನಾಕ್ಷಮ್ಮನ ಕೈ ಹಿಡಿದು ಕೂತರು. ಅವಳ ಮನಸ್ಸು ಅಲ್ಲಿರಲಿಲ್ಲ. ಏಳನೇ ಕ್ಲಾಸಿನವರೆಗೆ ಓದಿದ್ದವಳು ಆ ಸುದ್ದಿಯನ್ನು ಮತ್ತೆ ಮತ್ತೆ ಓದಿದಳು. ಕೊನೆಯ ಸಾಲು ಹೀಗಿತ್ತು: 'ಲಾರಿಯಲ್ಲಿ ಚಾಲಕ ಹಾಗೂ ಕ್ಲೀನರ್ ಸಹ ಇದ್ದರು.'

ಎಲ್ಲರೂ ಎದ್ದು ಹೋದ ಮೇಲೆ ಅವಳು ಮರುಳಸಿದ್ದಯ್ಯನನ್ನು ಕೇಳಿದಳು. "ಭಾವ, ಆಂಜನಪ್ಪನ ಮನೆಗೆ ಯಾರು ಹೇಳಿದ್ರು?"

ಅವನು ತಲೆ ಎತ್ತಿದ. "ಯಾರು ಅಂದ್ರೆ... ಲಾರಿಯೋರು ಹೇಳಿರ್ತಾರೆ."

"ಲಾರಿಯೋರು ಇರೋದು ಬೆಂಗಳೂರಲ್ಲಿ."

"ಗೊತ್ತಾಗಿರ್ತದೆ ಬುಡಮ್ಮ. ಊರಿಗೆಲ್ಲ ಗೊತ್ತು."

ಯಾರೂ ಹೇಳಿರಲಿಲ್ಲ. ಅದು ಅವನ ಮುಖದಲ್ಲೇ ಇತ್ತು. ಎಕ್ಸ್‌ಚೇಂಜಿನ ಬೆಂಚಿನ ಮೇಲೆ ಕೂತು ಕಾದವನಿಗೆ ಅದು ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ, ಆ ಕೊನೆಯ ಸಾಲು ಓದುವ ತನಕ.

ಮಾರನೆಯ ಬೆಳಿಗ್ಗೆ ಅವಳು ಯಾರ ಅಪ್ಪಣೆಗೂ ಕಾಯದೆ ತುರುವೇಕೆರೆ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಾಯಸಂದ್ರ. ಅಲ್ಲಿಂದ ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಕೇಳಿಕೊಂಡು ನಡೆದಳು. ಆಂಜನಪ್ಪನ ಮನೆ ಊರಾಚೆ, ಸರ್ಕಾರ ಕೊಟ್ಟ ಸೈಟಿನಲ್ಲಿ ಕಟ್ಟಿದ ಹೆಂಚಿನ ಮನೆ. ಅವನ ಹೆಂಡತಿ ಭೂತಮ್ಮ ಬಾಗಿಲಲ್ಲಿ ಕೂತು ನೆನೆದ ತೆಂಗಿನ ನಾರು ಬಡಿಯುತ್ತಿದ್ದಳು.

"ಯಾರವ್ವ?"

"ತಿಪಟೂರಿಂದ ಬಂದೆ. ಮಂಡಿ ಬೆಟ್ಟಸ್ವಾಮಿ ಮನೆಯೋಳು."

ಭೂತಮ್ಮ ಗಡಬಡಿಸಿ ಎದ್ದಳು. "ಅಯ್ಯೋ ಅಮ್ಮಾರೇ, ನೀವ್ಯಾಕೆ ಬರಕ್ಕೋದ್ರಿ? ಹೇಳ್ಕಳ್ಸಿದ್ರೆ ನಾನೇ ಬತ್ತಿರ್ಲಿಲ್ವಾ?"

"ಆಂಜನಪ್ಪನ ಸುದ್ದಿ ಏನಾದ್ರೂ ಬಂತಾ?"

"ಅವ್ನ ಸುದ್ದಿ ಯಾವಾಗ ಬತ್ತದೆ? ಹೋದ್ರೆ ಹೋದ, ಬಂದ್ರೆ ಬಂದ. ಯಾಕೆ, ಲಾರಿ ಇನ್ನೂ ತಿರುಗಿ ಬಂದಿಲ್ವಾ?"

ಮೀನಾಕ್ಷಮ್ಮ ಕಲ್ಲಿನ ಮೇಲೆ ಕೂತಳು. "ಇಂದಿರಮ್ಮನ್ನ ಕೊಂದಿದ್ದು ಗೊತ್ತಲ್ವಾ ನಿಂಗೆ?"

"ಗೊತ್ತಿಲ್ದೆ ಏನಮ್ಮಾರೇ. ಊರಲ್ಲಿ ಫೋಟೋ ಇಟ್ಟು ಹಾರ ಹಾಕಿ ಭಜನೆ ಮಾಡುದ್ರು. ನಾನೂ ಹೋಗಿ ಅತ್ಕಂಡು ಬಂದೆ. ಈ ಸೈಟು ಕೊಟ್ಟಿದ್ದು ಅವ್ಳೇ ಅಲ್ವಾ?"

"ಅದಾದ್ಮೇಲೆ ದಿಲ್ಲೀಲಿ ಸರ್ದಾರ್ಗಳನ್ನ ಹುಡುಕಿ ಹುಡುಕಿ ಹೊಡೀತಿದ್ದಾರೆ ಕಣೇ. ಲಾರಿಗಳಿಗೂ ಬೆಂಕಿ ಇಟ್ಟವ್ರೆ. ನಮ್ಮ ಲಾರಿ ಹೋಗಿದ್ದು ಅಲ್ಲಿಗೇ."

ಭೂತಮ್ಮ ಅವಳ ಮುಖವನ್ನೇ ನೋಡುತ್ತ ನಿಂತಳು. ಭಜನೆ ಮಾಡಿ ಅತ್ತು ಬಂದ ಸಾವಿಗೂ ತನ್ನ ಗಂಡ ಹಗ್ಗ ಬಿಗಿದು ಹತ್ತಿ ಹೋದ ಲಾರಿಗೂ ಏನಾದರೂ ಸಂಬಂಧ ಇದ್ದೀತು ಎಂದು ಅವಳು ಅಂದುಕೊಂಡೇ ಇರಲಿಲ್ಲ. ಕೈಯಲ್ಲಿದ್ದ ನಾರು ಕೆಳಗೆ ಹಾಕಿದಳು.

"ಎಷ್ಟು ದಿನ ಆಯ್ತು ಇದೆಲ್ಲ ಆಗಿ?"

"ವಾರದ ಮೇಲಾಯ್ತು."

"ಇಷ್ಟು ದಿನ ಯಾಕೆ ಯಾರೂ ಬಂದು ಹೇಳ್ಲಿಲ್ಲ ಅಮ್ಮಾರೇ?"

ಇಬ್ಬರೂ ಬಿಸಿಲು ನೆತ್ತಿಗೆ ಬರುವ ತನಕ ಅಲ್ಲೇ ಕೂತಿದ್ದರು. ಹೊರಡುವಾಗ ಮೀನಾಕ್ಷಮ್ಮ, "ಏನು ಗೊತ್ತಾದ್ರೂ ನಾನೇ ಬಂದು ಹೇಳ್ತೀನಿ" ಎಂದಳು. ಭೂತಮ್ಮ ರಸ್ತೆಯವರೆಗೂ ಜೊತೆಗೆ ಬಂದಳು.

ಅದಾಗಿ ಒಂದು ವಾರಕ್ಕೆ ಬೆಟ್ಟಸ್ವಾಮಿ ಬಂದ. ಬೆಳಗಿನ ರೈಲಿನಿಂದ ಇಳಿದು, ಯಾರದೋ ಹಳೆಯ ಪೈಜಾಮ ಹಾಕಿಕೊಂಡು, ಬರಿಗಾಲಲ್ಲಿ, ಗಡ್ಡ ಬಿಟ್ಟು ನಡೆದುಕೊಂಡು ಬಂದ. ಮಂಡಿಯ ಹಮಾಲಿ ಮೊದಲು ಗುರುತು ಹಿಡಿದು ಕೂಗಿಕೊಂಡ. ಮರುಳಸಿದ್ದಯ್ಯ ಲೆಕ್ಕ ಬರೆಯುವ ಗದ್ದಿಗೆಯಿಂದ ಎದ್ದು ಓಡಿ ಬಂದು ತಮ್ಮನನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ. ಮೀನಾಕ್ಷಮ್ಮ ಅವನ ಕಾಲಿಗೆ ನೀರು ಹಾಕಿದಳು. ಅಂಗಾಲು ಒಡೆದು ರಕ್ತ ಒಣಗಿತ್ತು.

ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಎರಡು ತುತ್ತು ಉಂಡ ಮೇಲೆ ಅವನು ಅಣ್ಣನಿಗೂ ಹೆಂಡತಿಗೂ ಹೇಳಿದ.

"ದಿಲ್ಲಿ ಇನ್ನೂ ಅರ್ಧ ದಿನದ ದಾರಿ ಇತ್ತು. ಢಾಬಾದೋನು ಹೇಳ್ದ, ಮುಂದೆ ಹೋಗ್ಬೇಡಿ, ಸರ್ದಾರ್ಜೀನ ಇಲ್ಲೇ ಒಳಗೆ ಮಲಗಿಸಿ ಅಂತ. ಸರ್ದಾರ್ಜಿ ನಕ್ಕ. ಇದು ನಾನು ದಿನಾ ಓಡಾಡೋ ರೋಡು, ಇಲ್ಲಿ ನನ್ನ ಯಾರು ಮುಟ್ತಾರೆ ಅಂದ. ಸ್ವಲ್ಪ ದೂರ ಹೋದ್ವಿ. ರೋಡಿಗೆ ಅಡ್ಡ ಟೈರು ಹಾಕಿ ಬೆಂಕಿ ಹಚ್ಚಿದ್ರು. ಕಬ್ಬಿಣದ ರಾಡು ಹಿಡ್ಕಂಡ ಜನ..."

ಲೋಟ ಎತ್ತಿ ನೀರು ಕುಡಿದ.

"ನೀನು ಹೆಂಗೆ ಪಾರಾದೆ?" ಎಂದ ಮರುಳಸಿದ್ದಯ್ಯ.

"ನಾನು ಕಿಟಕಿ ಕಡೆ ಕೂತಿದ್ದೆ. ಬಾಗ್ಲು ತೆಗ್ದು ಓಡ್ದೆ. ಕಬ್ಬಿನ ಗದ್ದೆ ಒಳಕ್ಕೆ ಓಡ್ದೆ. ಒಂದು ಹಳ್ಳೀಲಿ ಅಡಗಿದ್ದು, ಗಲಾಟೆ ತಣ್ಣಗಾದ್ಮೇಲೆ ರೈಲು ಹತ್ತಿ ಬಂದೆ."

"ಆಂಜನಪ್ಪ?" ಎಂದಳು ಮೀನಾಕ್ಷಮ್ಮ.

ಬೆಟ್ಟಸ್ವಾಮಿ ತಟ್ಟೆ ನೋಡುತ್ತ ಕೂತ. "ಒಂದ್ಸಲ ತಿರುಗಿ ನೋಡ್ದೆ. ಸರ್ದಾರ್ಜೀನ ಕೆಳಗೆ ಎಳೆದಿದ್ರು. ಆಂಜನಪ್ಪ ಅವನ ಮೇಲೆ ಬಿದ್ದು ತಬ್ಕಂಡಿದ್ದ. ಆಮೇಲೆ ನಾನು ನೋಡ್ಲಿಲ್ಲ."

ಮರುಳಸಿದ್ದಯ್ಯ ತಮ್ಮನ ಬೆನ್ನ ಮೇಲೆ ಕೈ ಇಟ್ಟ. "ಜೀವ ಉಳಿಸ್ಕಂಡು ಬಂದ್ಯಲ್ಲ, ಅಷ್ಟು ಸಾಕು ಬುಡು."

ಕಾಡಸಿದ್ದಪ್ಪ ಸುದ್ದಿ ಕೇಳಿ ಓಡಿ ಬಂದ. ಮರುಳಸಿದ್ದಯ್ಯನೇ ಹೇಳಿ ಬರೆಸಿದ. 'ಸಾವಿನ ದವಡೆಯಿಂದ ಪಾರಾಗಿ ಬಂದ ತಿಪಟೂರು ವರ್ತಕ' ಎಂದು ಮತ್ತೆ ಫೋಟೋ ಸಮೇತ ಬಂತು. 'ಸಮಯಸ್ಫೂರ್ತಿಯಿಂದ' ಎಂಬ ಮಾತು ಅದರಲ್ಲಿತ್ತು. ಬೆಟ್ಟಸ್ವಾಮಿ ಆ ಪೇಪರನ್ನು ನೋಡಲಿಲ್ಲ. ಮನೆಯಲ್ಲಿ ಜಂಗಮರನ್ನು ಕರೆದು ಪೂಜೆ ಮಾಡಿಸಿದರು, ಬಂದವರಿಗೆಲ್ಲ ಹೋಳಿಗೆ ಊಟ ಹಾಕಿದರು. ಎಲ್ಲರ ಮುಖದಲ್ಲೂ ಒಂದು ದೊಡ್ಡ ಭಾರ ಇಳಿದ ನೆಮ್ಮದಿ.

ಮೀನಾಕ್ಷಮ್ಮನಿಗೆ ಆ ನೆಮ್ಮದಿ ಹತ್ತಲಿಲ್ಲ. ಗಂಡ ಬಂದ ಸಂತೋಷ ಒಂದು ಕಡೆ ನಿಜ, ಆದರೆ ಹೋಳಿಗೆ ತಟ್ಟುವ ಕೈ ನಡುವೆ ನಿಂತುಬಿಡುತ್ತಿತ್ತು. ಮಾತು ಕೊಟ್ಟ ಪ್ರಕಾರ ಮತ್ತೆ ಮಾಯಸಂದ್ರದ ಬಸ್ಸು ಹತ್ತಿದಳು. ಗಂಡನನ್ನು ಕರೆದಳು, ಅವನು ಜ್ವರ ಎಂದ. ಒಬ್ಬಳೇ ಹೋಗಿ ಭೂತಮ್ಮನಿಗೆ ನಡೆದದ್ದನ್ನು ಹೇಳಿದಳು, ಓಡಿದ್ದನ್ನೂ ಸೇರಿಸಿ.

ಭೂತಮ್ಮ ಅಳಲಿಲ್ಲ. "ಸತ್ತಿದ್ದು ಕಂಡ್ರಾ ಯಜಮಾನ್ರು?" ಎಂದು ಕೇಳಿದಳು.

"ಇಲ್ಲ."

"ಹಂಗಾದ್ರೆ ನಾನು ಬಳೆ ಒಡ್ಕಳಲ್ಲ."

ಆಮೇಲಿಂದ ಭೂತಮ್ಮ ಪ್ರತಿ ಬುಧವಾರ ಮಂಡಿಗೆ ಬರತೊಡಗಿದಳು. ಹರಾಜು ಮುಗಿಯುವವರೆಗೂ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತಿದ್ದು, "ಏನಾದ್ರೂ ಗೊತ್ತಾಯ್ತಾ ಬುದ್ದಿ?" ಎಂದು ಮರುಳಸಿದ್ದಯ್ಯನನ್ನು ಕೇಳಿ ಹೋಗುತ್ತಿದ್ದಳು. ಅವಳು ಬಂದ ದಿನ ಬೆಟ್ಟಸ್ವಾಮಿ ಅಟ್ಟದಿಂದ ಇಳಿಯುತ್ತಿರಲಿಲ್ಲ. ಮರುಳಸಿದ್ದಯ್ಯ ಬೆಂಗಳೂರಿನ ಟ್ರಾನ್ಸ್‌ಪೋರ್ಟಿನವರನ್ನು ವಿಚಾರಿಸಿದ. ಲಾರಿ ಸುಟ್ಟಿದೆ, ಡ್ರೈವರು ತೀರಿಕೊಂಡ, ಕ್ಲೀನರಿನ ವಿಷಯ ತಮಗೆ ಗೊತ್ತಿಲ್ಲ ಎಂದು ಅವರು ಹೇಳಿದರು. ಗುರ್ಮೇಜ್ ಸಿಂಗನ ಸಾವು ಮನೆಗೆ ಗೊತ್ತಾದದ್ದು ಹೀಗೆ. ಅಂದು ಮೀನಾಕ್ಷಮ್ಮ ಮಜ್ಜಿಗೆ ಕಡೆಯಲಿಲ್ಲ.

ಇಷ್ಟರಲ್ಲಿ ಪೇಪರಿನ ಮುಖ ಬದಲಾಗಿತ್ತು. ಚುನಾವಣೆ ಬಂದಿತ್ತು. ದಿಲ್ಲಿಯ ಬೆಂಕಿ ಮೊದಲ ಪುಟದಿಂದ ಒಳಪುಟಕ್ಕೆ ಹೋಯಿತು, ಒಳಪುಟದಲ್ಲಿ ಮೇಲಿಂದ ಕೆಳಕ್ಕೆ ಇಳಿಯಿತು, ಒಂದು ದಿನ ಕಾಣಲೇ ಇಲ್ಲ. ಮಂಡಿಯಲ್ಲಿ ಕೂತವರು ಟಿಕೆಟ್ಟು ಯಾರಿಗೆ, ತುಮಕೂರಲ್ಲಿ ಗೆಲ್ಲೋರು ಯಾರು ಎಂದು ಕೈ ಕೈ ಬಡಿದು ವಾದಿಸುತ್ತಿದ್ದರು. ರೇಡಿಯೋದಲ್ಲಿ ಸಿನಿಮಾ ಹಾಡು ಮರಳಿ ಬಂದು ಎಷ್ಟೋ ದಿನವಾಗಿತ್ತು. ಎಲ್ಲರೂ ತನ್ನ ಜೊತೆ ಒಂದು ಬಸ್ಸಿನಲ್ಲಿ ಕೂತಿದ್ದವರು ಯಾವುದೋ ಊರಲ್ಲಿ ಇಳಿದು ಹೋಗಿ, ತಾನೂ ಭೂತಮ್ಮನೂ ಇಬ್ಬರೇ ಉಳಿದ ಹಾಗೆ ಮೀನಾಕ್ಷಮ್ಮನಿಗೆ ಅನಿಸಿತು.

ಅವಳು ಕಾಡಸಿದ್ದಪ್ಪನ ಅಂಗಡಿಗೆ ಹೋದಳು.

"ಆಂಜನಪ್ಪನ ವಿಷಯ ಹಾಕಿ. ಎಲ್ಲಾದ್ರೂ ಕನ್ನಡದೋರು ಓದಿ, ಕಂಡಿದ್ರೆ ಹೇಳ್ತಾರೆ."

ಕಾಡಸಿದ್ದಪ್ಪ ಕೆಟ್ಟವನಲ್ಲ. ಸ್ಟೂಲು ಎಳೆದು ಕೂರಿಸಿದ. "ನೋಡಮ್ಮ, ಸುದ್ದೀಗೂ ಸೀಸನ್ ಅಂತ ಇರ್ತದೆ. ಈ ತಿಂಗಳ ಮೊದಲಲ್ಲಿ ದಿಲ್ಲಿ ಅಂತ ಬರೆದ್ರೆ ಸಾಕಿತ್ತು, ನಾನು ಕಳಿಸಿದ್ದೆಲ್ಲ ಬರ್ತಿತ್ತು. ಈಗ ಎಲೆಕ್ಷನ್. ಪಂಚಾಯ್ತಿ ಮೆಂಬರ್ ಪಕ್ಷ ಬಿಟ್ಟ ಅಂದ್ರೂ ಹಾಕ್ತಾರೆ, ಇದನ್ನ ಹಾಕಲ್ಲ."

"ನಮ್ಮೆಜಮಾನ್ರು ಬಂದಿದ್ದಕ್ಕೆ ಜಾಗ ಇತ್ತಲ್ಲ."

"ಅವರು ಬಂದ್ರಲ್ಲಮ್ಮ. ಬಂದಿದ್ದು ಸುದ್ದಿ. ಇವನು ಬಂದಿಲ್ಲ. ಬರದೆ ಇರೋದನ್ನ ಏನಂತ ಬರೀಲಿ?"

"ಬಂದಿಲ್ಲ ಅಂತ ಬರೀರಿ" ಎಂದಳು ಮೀನಾಕ್ಷಮ್ಮ. ಅವಳ ದನಿ ಏರಿದ್ದಕ್ಕೆ ಪಕ್ಕದ ಅಂಗಡಿಯವನು ಇಣುಕಿದ. "ಮಾಯಸಂದ್ರದ ಆಂಜನಪ್ಪ ಇನ್ನೂ ಬಂದಿಲ್ಲ. ಅಷ್ಟೇ. ಒಂದು ಸಾಲು."

ಕಾಡಸಿದ್ದಪ್ಪ ಅವಳ ಎದುರೇ ಬರೆದು, ಕವರಿಗೆ ಹಾಕಿ, ಬಸ್ಸಿಗೆ ಕೊಟ್ಟು ಬಂದ. ಅವಳು ದಿನವೂ ಪೇಪರು ಹುಡುಕಿದಳು. ಮೂಲೆ ಮೂಲೆ ನೋಡಿದಳು. ಸಾಲು ಬರಲಿಲ್ಲ. ಡಿಸೆಂಬರ್ ಮೊದಲ ವಾರ ಭೋಪಾಲದ ಸುದ್ದಿ ಬಂತು. ಮೊದಲ ಪುಟದ ತುಂಬ ಸಾಲಾಗಿ ಮಲಗಿಸಿದ ಹೆಣಗಳು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಕ್ಕಳು. ಮೀನಾಕ್ಷಮ್ಮ ನಡುಮನೆಯಲ್ಲಿ ಪೇಪರು ಹರಡಿಕೊಂಡು ಆ ಮಕ್ಕಳನ್ನು ನೋಡಿ ಅತ್ತಳು. ಅಳುತ್ತಲೇ ಪುಟ ತಿರುಗಿಸಿ ಆಂಜನಪ್ಪನ ಹೆಸರು ಹುಡುಕಿದಳು. ಅಷ್ಟು ಸಾವಿನ ನಡುವೆ ಒಂದು ಹೆಸರು ಹುಡುಕುವುದಕ್ಕೆ ಅವಳಿಗೆ ನಾಚಿಕೆಯಾಯಿತು. ಹುಡುಕುವುದನ್ನು ಬಿಡಲಿಲ್ಲ.

ಪೇಪರು ಮಡಿಸಿಟ್ಟು ಅಟ್ಟ ಹತ್ತಿದಳು. ಬೆಟ್ಟಸ್ವಾಮಿ ಕೊಬ್ಬರಿಗೆಂದು ಕೂಡಿಟ್ಟ ಕಾಯಿಗಳ ರಾಶಿಯ ನಡುವೆ ಕೂತು, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ಒಣಗಿದೆಯೋ ಇಲ್ಲವೋ ನೋಡುತ್ತಿದ್ದ. ಅದು ಕೂಲಿಯವರ ಕೆಲಸ. ಬಂದಾಗಿನಿಂದ ಅವನು ಅದನ್ನೇ ಮಾಡುತ್ತಿದ್ದ.

"ನೀವು ಹೋಗಿ ಹುಡುಕ್ಕಂಡು ಬನ್ನಿ" ಎಂದಳು.

ಅವನು ಕಾಯಿ ಕೆಳಗಿಟ್ಟ. "ನನ್ನ ಕಾಲು ಬರಲ್ಲ ಕಣೇ. ರೈಲ್ವೆ ಸ್ಟೇಷನ್ ಕಡೆ ನೋಡಿದ್ರೆ ಎದೆ ಹೊಡ್ಕೊಳ್ತದೆ."

"ಬರ್ದೇ ಇದ್ರೆ ನಾನು ಹೋಗ್ತೀನಿ. ಭೂತಮ್ಮನ್ನ ಕರ್ಕಂಡು ನಾನು ಹೋಗ್ತೀನಿ. ಸರ್ದಾರ್ಜಿ ಊರು ಯಾವುದು ಅಂತ ಹೇಳಿ ಸಾಕು, ಅವನ ಮನೆಯೋರಿಗೆ ಏನಾದ್ರೂ ಗೊತ್ತಿದ್ದೀತು."

"ನಿಂಗೇನು ತಲೆ ಕೆಟ್ಟಿದ್ಯಾ?"

"ಕೆಟ್ಟದೆ. ಆ ಹೆಂಗಸು ಬುಧವಾರ ಬಂದು ಕೂತಾಗ ನೀವಿಲ್ಲಿ ಬಚ್ಚಿಟ್ಕಳ್ತೀರಿ. ನಾನು ಕೆಳಗೆ ಅವಳ ಮುಖ ನೋಡ್ಬೇಕು. ಸತ್ತಿದ್ರೆ ಸತ್ತ ಅಂತ ಹೇಳೋಣ. ಏನೂ ಹೇಳ್ದೆ ಎಷ್ಟು ದಿನ ಕೂರಿಸೋದು?"

ಬೆಟ್ಟಸ್ವಾಮಿ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. "ಅವನು ನನ್ನ ಕರೆದ ಕಣೇ" ಎಂದ. "ಅಣ್ಣೋ ಅಂತ ಕರೆದ. ಕೇಳಿಸ್ತು ನಂಗೆ."

ಮೀನಾಕ್ಷಮ್ಮ ಅವನ ಪಕ್ಕ ಕೂತಳು. ಅವನ ಭುಜ ಅಲುಗುವುದು ನಿಲ್ಲುವವರೆಗೂ ಏಳಲಿಲ್ಲ.

ಬೆಟ್ಟಸ್ವಾಮಿ ಭೂತಮ್ಮನನ್ನು ಕರೆದುಕೊಂಡು ಹೊರಡುತ್ತಾನೆ ಎಂದಾಗ ಮರುಳಸಿದ್ದಯ್ಯ ಮೊದಲು ಕೂಗಾಡಿದ. ಆ ಕಡೆ ಇನ್ನೂ ತಣ್ಣಗಾಗಿಲ್ಲ, ಬದುಕಿ ಬಂದವನನ್ನು ಮತ್ತೆ ಕಳಿಸುತ್ತೀಯಲ್ಲ ಎಂದ. ಆದರೆ ಹೊರಡುವ ದಿನ ಅವನೇ ಚಿಕ್ಕನಾಯಕನಹಳ್ಳಿಯ ಎರಡು ಕರಿ ಕಂಬಳಿ ತರಿಸಿ, "ಅಲ್ಲಿ ಚಳಿ ಜಾಸ್ತಿ ಕಣ್ಲಾ" ಎಂದು ಒಂದನ್ನು ತಮ್ಮನಿಗೆ, ಒಂದನ್ನು ಭೂತಮ್ಮನಿಗೆ ಕೊಟ್ಟ. ಭೂತಮ್ಮ ಬೆಂಗಳೂರನ್ನೂ ನೋಡಿದವಳಲ್ಲ. ಕಂಬಳಿಯನ್ನು ಎದೆಗೆ ಅವುಚಿಕೊಂಡು ರೈಲು ಹತ್ತಿದಳು.

ಅವರಿಲ್ಲದ ದಿನಗಳಲ್ಲಿ ಓಟು ನಡೆಯಿತು. ಮೀನಾಕ್ಷಮ್ಮ ಹೋಗಿ ಬೆರಳಿಗೆ ಮಸಿ ಹಾಕಿಸಿಕೊಂಡು ಬಂದಳು. ಯಾರು ಗೆದ್ದರು ಎಂದು ಪೇಪರಿನ ತುಂಬ ಬಂದಾಗ ಅದನ್ನು ಬಿಚ್ಚಲಿಲ್ಲ. ಬೆಳಗಿನ ರೈಲು ಕೂಗಿದಾಗಲೆಲ್ಲ ಬಾಗಿಲಿಗೆ ಬಂದು ನಿಂತಳು.

ಸಂಕ್ರಾಂತಿ ಇನ್ನೇನು ಬಂತು ಎನ್ನುವಾಗ ಮೂವರೂ ಬಂದರು. ಮೊದಲು ಬೆಟ್ಟಸ್ವಾಮಿ, ಅವನ ಹಿಂದೆ ಭೂತಮ್ಮ, ಅವಳ ಕಂಬಳಿ ಹೊದ್ದು ಆಂಜನಪ್ಪ. ಅವನ ಬಲಗೈ ಮೊಣಕೈಯಿಂದ ಕೆಳಗೆ ಸೊಟ್ಟಗೆ ಕೂಡಿಕೊಂಡಿತ್ತು.

ನಡೆದದ್ದನ್ನು ಹೇಳಿದವಳು ಭೂತಮ್ಮ. ಆ ಜನ ಬಿಟ್ಟು ಹೋದ ಮೇಲೆ, ಹತ್ತಿರದ ಹಳ್ಳಿಯ ಮುದುಕನೊಬ್ಬ ಎಮ್ಮೆ ಗಾಡಿಯಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಹಾಕಿದ. ಗುರ್ಮೇಜ್ ಸಿಂಗ್ ಅಲ್ಲಿ ಉಳಿಯಲಿಲ್ಲ. ಅವನ ಕಡೆಯವರು ಹೆಣ ಒಯ್ಯಲು ಬಂದಾಗ, ಅವನಿಗಾಗಿ ಕೈ ಮುರಿಸಿಕೊಂಡವನನ್ನೂ ತಮ್ಮ ಊರಿಗೆ ಕರೆದುಕೊಂಡು ಹೋದರು. ಆ ಮನೆಯಲ್ಲಿ ಒಬ್ಬ ಮುದುಕ ಅಪ್ಪ, ಹೆಂಡತಿ, ಎರಡು ಹೆಣ್ಣು ಮಕ್ಕಳು. ಆಂಜನಪ್ಪ ಒಂದು ಕೈಯಲ್ಲಿ ಅವರ ಎಮ್ಮೆಗಳಿಗೆ ಮೇವು ಹಾಕಿಕೊಂಡು ಅಲ್ಲೇ ಉಳಿದಿದ್ದ.

"ಊರಿಗೆ ಬರಕ್ಕೆ ಏನಾಗಿತ್ತೋ ನಿಂಗೆ?" ಎಂದಳು ಮೀನಾಕ್ಷಮ್ಮ, ಅಳುತ್ತ.

ಆಂಜನಪ್ಪ ನೆಲ ನೋಡಿದ. "ಅಣ್ಣಾರು ಸತ್ತೋದ್ರು ಅಂದ್ಕಂಡಿದ್ದೆ ಅಮ್ಮಾರೇ. ಕೂಗುದ್ರೆ ಓಗೊಡ್ಲಿಲ್ಲ. ಗದ್ದೇಲಿ ಯಾರನ್ನೋ ಹಿಡ್ದು ಹೊಡ್ದಂಗೆ ಸದ್ದು ಕೇಳ್ತು. ನಾನೊಬ್ನೇ ಬಂದು ನಿಮ್ಮೆದ್ರು ನಿಂತು, ಹಿಂಗಾಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ? ಅದುಕ್ಕೇ ಬರ್ಲಿಲ್ಲ."

"ಯಜಮಾನ್ರನ್ನ ಬಾಗ್ಲಲ್ಲಿ ಕಂಡಿದ್ದೇ ಕಾಲು ಹಿಡ್ಕಂಬುಟ್ಟ ಅಮ್ಮಾರೇ" ಎಂದಳು ಭೂತಮ್ಮ. "ನನ್ನ ಆಮ್ಯಾಲೆ ನೋಡ್ದ. ಬದ್ಕಿದ್ದೀರಾ ಅಣ್ಣ, ಬದ್ಕಿದ್ದೀರಾ ಅಂತ ಒಂದೇ ಸಮ."

ಬೆಟ್ಟಸ್ವಾಮಿ ಎದ್ದು ಹಿತ್ತಲಿಗೆ ಹೋದ.

ಕಾಡಸಿದ್ದಪ್ಪ ಬಂದು ಎಲ್ಲವನ್ನೂ ಬರೆದುಕೊಂಡ. ಈ ಸಲ ಅವನ ಕಣ್ಣೂ ಒದ್ದೆಯಾಗಿತ್ತು. ಆದರೆ ಪೇಪರಿನ ತುಂಬ ಹೊಸ ಸರ್ಕಾರ, ಹೊಸ ಮಂತ್ರಿಗಳು, ರಾಜ್ಯದಲ್ಲೂ ಮತ್ತೆ ಚುನಾವಣೆ ಎಂಬ ಮಾತು. ಅವನು ಕಳಿಸಿದ್ದು ಬರಲಿಲ್ಲ. ಇನ್ನೊಮ್ಮೆ ಕಳಿಸಿದ, ಆಗಲೂ ಇಲ್ಲ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಮಂಡಿಗೆ ಬಂದ ಬೆಳೆಗಾರರು ಮಜ್ಜಿಗೆ ಕುಡಿಯುತ್ತ ಮೀನಾಕ್ಷಮ್ಮನಿಂದ ಕೇಳಿಕೊಂಡು, ತಮ್ಮ ತಮ್ಮ ಊರಿಗೆ ಒಯ್ದರು. ದಾರಿಯಲ್ಲಿ ಅದು ಒಂದಿಷ್ಟು ಬದಲಾಗುತ್ತಲೂ ಹೋಯಿತು.

ಶಿವರಾತ್ರಿ ಕಳೆದ ಒಂದು ಬುಧವಾರ ಹುಳಿಯಾರು ಕಡೆಯ ದುರ್ಗಯ್ಯನೆಂಬ ಮುದುಕ ಕೊಬ್ಬರಿ ಹಾಕಿಕೊಂಡು ಬಂದ. ಚೀಲ ತೂಗುತ್ತಿದ್ದ ಬೆಟ್ಟಸ್ವಾಮಿಯನ್ನು ಕಂಡು, ಅಕ್ಕಪಕ್ಕದವರಿಗೂ ಕೇಳುವ ಹಾಗೆ, "ಸ್ವಾಮ್ಯೋರೆ, ನೀವು ದಿಲ್ಲೀಲಿ ಆ ಸರ್ದಾರಂಗೆ ಅಡ್ಡ ನಿಂತ್ಕಂಡು ಏಟು ತಿಂದ್ರಂತಲ್ಲ? ನಮ್ಮೂರಲ್ಲೆಲ್ಲ ಅದೇ ಮಾತು" ಎಂದ.

ತೂಕದ ಕಲ್ಲು ಹಿಡಿದಿದ್ದ ಬೆಟ್ಟಸ್ವಾಮಿ ಅದನ್ನು ನೆಲಕ್ಕಿಟ್ಟ. ಗದ್ದಿಗೆಯ ಮೇಲಿದ್ದ ಮರುಳಸಿದ್ದಯ್ಯ ತಲೆ ಎತ್ತಿ ತಮ್ಮನನ್ನು ನೋಡಿದ. ಒಳಬಾಗಿಲಲ್ಲಿ ಮೀನಾಕ್ಷಮ್ಮ ನಿಂತಿದ್ದಳು.

"ಇಲ್ಲ ಕಣಪ್ಪ" ಎಂದ ಬೆಟ್ಟಸ್ವಾಮಿ. "ನಾನು ಓಡ್ದೆ. ನಿಂತೋನು ಮಾಯಸಂದ್ರದೋನು. ನಮ್ಮ ಲಾರಿ ಕ್ಲೀನರು."

ದುರ್ಗಯ್ಯ ಹೆಗಲ ಮೇಲಿನ ಟವಲು ತೆಗೆದು ಕೈ ಒರೆಸಿಕೊಂಡ.

"ಹಂಗಾ?" ಎಂದ. "ಅವ್ನಾ ಈಗ ಊರಲ್ಲಿ?"

"ಅವ್ನೆ. ಕೈ ಇನ್ನೂ ನೆಟ್ಟಗಾಗಿಲ್ಲ."

"ನಾಳಿದ್ದು ತುರುವೇಕೆರೆಗೆ ಹೋಗೋದದೆ. ಹಂಗೇ ಹೋಗಿ ಮಾತಾಡಿಸ್ಕಂಡು ಬತ್ತೀನಿ. ಹೆಸ್ರೇನು ಅಂದ್ರಿ?"

"ಆಂಜನಪ್ಪ."

"ಆ ಸರ್ದಾರಂದು?"

"ಗುರ್ಮೇಜ್ ಸಿಂಗ್."

ಮುದುಕ ಆ ಹೆಸರನ್ನು ಒಂದೆರಡು ಸಲ ತನ್ನಷ್ಟಕ್ಕೆ ಹೇಳಿಕೊಂಡು ನೋಡಿದ. ನಾಲಗೆ ಹೊರಳಲಿಲ್ಲ. ಬೆಟ್ಟಸ್ವಾಮಿ ಬಿಡಿಸಿ ಬಿಡಿಸಿ ಮತ್ತೆ ಹೇಳಿಕೊಟ್ಟ.